ಭೀಮಾ ದಂಡೆಯ ಲಾಟೀನು

ಆಳಂದದಿಂದ ಅಫಜಲಪುರಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎಂಬತ್ತರ ದಶಕದ ಒಂದು ಚಳಿಗಾಲ. ಹೊಲಗಳಲ್ಲಿ ಬಿಳಿಜೋಳ ಮೊಳಕಾಲೆತ್ತರ ಬಂದಿತ್ತು. ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಪೆನ್ಸಿಲ್ಲುಗಳು, ಅರ್ಧ ಬರೆದ ಒಂದು ಲಾಂಛನ ಇದ್ದವು.

ನಾನು ಆಳಂದದಲ್ಲಿ ಚಿತ್ರಕಲೆಯ ಮಾಸ್ತರ. ಜೇವರ್ಗಿಯಲ್ಲಿದ್ದ ನನ್ನ ಹಳೆಯ ಪರಿಚಯದ ಪಾದ್ರಿ ಫಾದರ್ ಲಾರೆನ್ಸರನ್ನು ದೂರದ ಒಂದು ಪ್ರಾಂತಕ್ಕೆ ಬಿಷಪ್ ಎಂದು ಆರಿಸಿದ್ದರು. ಪ್ರತಿ ಬಿಷಪ್ಪರಿಗೂ ತಮ್ಮದೇ ಲಾಂಛನ ಇರುತ್ತದೆಯಂತೆ. ಮೇಲೆ ಹಸಿರು ಟೋಪಿ, ಅದರ ಎರಡೂ ಬದಿಗೆ ಇಳಿಬಿದ್ದ ಆರಾರು ಕುಚ್ಚು, ಹಿಂದೆ ಶಿಲುಬೆ. ಇವೆಲ್ಲ ಎಲ್ಲ ಬಿಷಪ್ಪರಿಗೂ ಒಂದೇ. ನಡುವಿನ ಗುರಾಣಿಯಲ್ಲಿ ಮಾತ್ರ ಅವರವರ ಬದುಕಿನ ಗುರುತುಗಳು. ಫಾದರ್ ಮೂರನ್ನು ಆರಿಸಿದ್ದರು: ಭೀಮೆಯ ಅಲೆ, ಜೋಳದ ತೆನೆ, ಲಾಟೀನು ಹಿಡಿದ ಹೆಣ್ಣಿನ ಕೈ.

ಆ ಕೈಯ ಕಥೆಯನ್ನು ಅವರೇ ಹೇಳಿದ್ದರು. ಎಳೆಯ ಪಾದ್ರಿಯಾಗಿದ್ದಾಗ ಒಂದು ಮುಸ್ಸಂಜೆ, ಹೊಳೆ ತುಂಬಿ ಹರಿಯುವಾಗ, ಹರಿಗೋಲಿನಲ್ಲಿ ದಾಟುತ್ತಿದ್ದರಂತೆ. ಮಳೆಗೆ ದಿಕ್ಕೇ ತಿಳಿಯದಾಯಿತು. ಆಚೆ ದಂಡೆಯಲ್ಲಿ ಒಂದು ಲಾಟೀನು, ಅದನ್ನು ಹಿಡಿದ ಕೈ ಅಷ್ಟೇ ಕಂಡಿತು. ಅದನ್ನು ನೋಡಿಕೊಂಡೇ ದಂಡೆ ಮುಟ್ಟಿದರು. ಇಳಿದು ನೋಡಿದರೆ ಯಾರೂ ಇಲ್ಲ. "ಅದು ಮಾತೆ ಮರಿಯಮ್ಮನ ಕೈ," ಎಂದಿದ್ದರು ಫಾದರ್. "ನೀವು ಆ ದಂಡೆ ನೋಡಿಬನ್ನಿ. ಅಲ್ಲಿಯ ಲಾಟೀನು ಹೇಗಿರುತ್ತದೋ ಹಾಗೇ ಬರೆಯಿರಿ."

ಅಫಜಲಪುರದಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸಲಾ ತಿಂದು, ಇನ್ನೊಂದು ಬಸ್ಸು ಹಿಡಿದು ಹೊಳೆದಂಡೆಯ ಹಳ್ಳಿಯಲ್ಲಿ ಇಳಿದಾಗ ಮಧ್ಯಾಹ್ನ. ಬಿಸಿಲಿತ್ತು, ಗಾಳಿಯಿರಲಿಲ್ಲ. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಚಹಾದ ಅಂಗಡಿಯವನಿಗೆ ಹಳೆಯ ಲಾಟೀನಿನ ಮಾತು ತೆಗೆದದ್ದೇ ತಡ, ಅವನು ಬಟ್ಟಲು ತೊಳೆಯುವುದನ್ನು ನಿಲ್ಲಿಸಿದ.

"ದಂಡಿಮ್ಯಾಗ ಲಾಟೀನ ಹಿಡದಾಕಿ ಅಂದ್ರ ಹುಸೇನಬೀನ ರೀ. ಅಕಾ, ಆ ಬೇವಿನ ಗಿಡದ ಬಲ್ಲಿ ಮನಿ," ಎಂದು ಕೈ ತೋರಿಸಿದ.

ಹುಸೇನಬಿ ಬಾಗಿಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು. ನಾನು ಬಂದ ಕಾರಣ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ನಿಮ್ಮ ಪಾದ್ರಿ ಸಲುವಾಗಿ ಹಿಡಿದಿದ್ದಿಲ್ರಿ ಮಾಸ್ತರ. ನಮ್ಮವರ ಸಲುವಾಗಿ ಹಿಡಿದಿದ್ದೆ."

ಗಂಡ ಲಾಲಸಾಬ ಹರಿಗೋಲು ಹಾಕುವವನು. ಅಂದು ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತು. ಅವನು ಉಣ್ಣದೆ ಹೋದವನು ಸಂಜೆಯಾದರೂ ಮರಳಲಿಲ್ಲ. ಮರುದಿನ ಅವನ ಹರಿಗೋಲು ಬೋರಲಾಗಿ ಸಿಕ್ಕಿತು, ಅವನು ಸಿಗಲಿಲ್ಲ.

"ನಮ್ಮವರು ಹೋದ ದಿನಾನ ಸಂಜಿಮುಂದ ಒಂದು ಹರಗೋಲ ಬಂತ್ರಿ. ಒಳಗ ನಾಕು ಮಂದಿ ಇದ್ರು. ಒಬ್ಬಾಂವ ನನ್ನ ಕಡಿ ಬೆನ್ನು ಮಾಡಿ ಕುಂತಿದ್ದ. ತಲಿಗಿ ಕೆಂಪು ರುಮಾಲ. ನಮ್ಮವರೇ ಅಂತ ಜೀವ ಬಂತು. ದಂಡಿಗಿ ಹತ್ತಿದಾಗ ನೋಡತೇನಿ, ಇಳಿದವರು ಮೂರೇ ಮಂದಿ." ಅವಳು ನನ್ನನ್ನೇ ನೋಡಿದಳು. "ನನಗ ಅಂಜಿಕಿ ಬಂತ್ರಿ. ದೀಪ ಆರಿಸಿ ಓಡಿಬಂದೆ."

ಹೊರಗೆ ಬೇವಿನ ಎಲೆ ಒಂದೂ ಅಲುಗುತ್ತಿರಲಿಲ್ಲ.

ರಾತ್ರಿ ಅಫಜಲಪುರದಲ್ಲಿ ಉಳಿದು, ಬೆಳಿಗ್ಗೆ ಗಾಣಗಾಪುರದ ಯಾತ್ರಿಕರು ತುಂಬಿದ ಬಸ್ಸಿನಲ್ಲಿ ಗುಲಬರ್ಗಾಕ್ಕೆ, ಅಲ್ಲಿಂದ ಜೇವರ್ಗಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಲಾಂಛನ ಅಂದರೆ ಅವರ ಮುದ್ರೆಯಲ್ಲಿ, ಪೀಠದ ಮೇಲೆ, ಕೊನೆಗೆ ಸಮಾಧಿಯ ಕಲ್ಲಿನ ಮೇಲೂ ಇರುವಂಥದು. ಅವರು ಇಷ್ಟು ವರ್ಷ ನಂಬಿದ್ದನ್ನು ನಾನು ಹೇಗೆ ಒಡೆಯಲಿ?

ಆದರೂ ಹೇಳಿದೆ. ಲಾಟೀನು ಹಿಡಿದವಳು ಹುಸೇನಬಿ ಎಂದೆ. ಹರಿಗೋಲಿನಲ್ಲಿ ನಾಲ್ವರನ್ನು ಕಂಡಳಂತೆ, ನಾಲ್ಕನೆಯವನು ಅವಳ ಗಂಡನ ಹಾಗೆ ರುಮಾಲು ಸುತ್ತಿದ್ದನಂತೆ ಎಂದೆ.

ಫಾದರ್ ಎದ್ದು ಕಿಟಕಿಯ ಬಳಿ ಹೋದರು. ಆಮೇಲೆ ಕೇಳಿದರು: "ಕೆಂಪು ರುಮಾಲೇ?"

ಬಣ್ಣದ ಮಾತನ್ನು ನಾನು ಆಡಿರಲಿಲ್ಲ.

"ನಾನು, ನಮ್ಮ ಚರ್ಚಿನ ಉಪದೇಶಿ, ಅಂಬಿಗ, ಮೂವರೇ ಹತ್ತಿದ್ದು," ಎಂದರು. "ನಡುಹೊಳೆಯಲ್ಲಿ ತಿರುಗಿ ನೋಡಿದರೆ ಹಿಂದೆ ಇನ್ನೊಬ್ಬ ಕುಳಿತಿದ್ದ. ಅಂಬಿಗನ ಜೊತೆಗಾರ ಅಂದುಕೊಂಡೆ. ಮೊದಲು ದೀಪ ತೋರಿಸಿದವನೇ ಅವನು. 'ಅಕಾ, ಆಕಿ ನಿಂತಾಳ, ಅತ್ಲಾಗ ಹಾಕ್ರಿ' ಅಂದ. ದಂಡೆಗೆ ಬಂದು ಕೇಳಿದರೆ, ಅಂಥವನು ಯಾರೂ ಇರಲಿಲ್ಲ ಅಂದರು ಇಬ್ಬರೂ. 'ಆಕಿ' ಅಂದರೆ ನಮ್ಮ ಮಾತೆ ಅಂತಲೇ ನಾನು ತಿಳಿದೆ. ಅವನ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ನಂಬುವವರು ಯಾರು?"

ಮರುದಿನ ಅವರ ಜೀಪಿನಲ್ಲಿ ಇಬ್ಬರೂ ಹೊಳೆದಂಡೆಗೆ ಹೋದೆವು. ಹುಸೇನಬಿ ಅವರ ಬಿಳಿ ನಿಲುವಂಗಿಯನ್ನು ನೋಡಿ ಎದ್ದು ನಿಂತಳು. ಫಾದರ್ ಎಲ್ಲವನ್ನೂ ಹೇಳಿದರು, ಆ ಮನುಷ್ಯ ಆಡಿದ ಮಾತನ್ನು ಅವನ ಮಾತಿನಲ್ಲೇ ಹೇಳಿದರು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ನಮ್ಮವರು ಅದನ್ನ ಸಿಟ್ಟಿನಾಗ ಅಂದ್ರೇನ್ರಿ?"

"ಇಲ್ಲಮ್ಮಾ. ನಗಾಕತ್ತಿದ್ದರು."

ಅವಳು ಅಲ್ಲೇ ಕುಸಿದು ಕುಳಿತು ಅತ್ತಳು. ಫಾದರ್ ಅವಳ ಎದುರು ನೆಲದ ಮೇಲೆಯೇ ಕುಳಿತರು. ಅಳು ಇಳಿದ ಮೇಲೆ, ಗುರಾಣಿಯಲ್ಲಿ ನಿನ್ನ ಕೈಯನ್ನೇ ಬರೆಸುತ್ತೇನೆ, ನಿನ್ನ ಗಂಡನಿಗಾಗಿ ನೀನು ಹಿಡಿದ ದೀಪ ಎಂದೇ ಎಲ್ಲರಿಗೂ ಹೇಳುತ್ತೇನೆ, ಆಗಬಹುದೇ ಎಂದು ಕೇಳಿದರು. ಅವಳು ಒಳಗಿನಿಂದ ತುಕ್ಕು ಹಿಡಿದ ಲಾಟೀನು ತಂದು, ಬಲಗೈಯಲ್ಲಿ ಎತ್ತಿ ಹಿಡಿದಳು. ನಾನು ಬರೆದು ಮುಗಿಸುವವರೆಗೂ ಆ ಕೈಯನ್ನು ಇಳಿಸಲಿಲ್ಲ.

ಹೊರಟಾಗ ಹೊತ್ತು ಇಳಿಯುತ್ತಿತ್ತು. ಜೀಪು ತಿರುವಿನಲ್ಲಿ ನಿಧಾನವಾದಾಗ ಹಿಂದೆ ನೋಡಿದೆ. ಹುಸೇನಬಿ ನೀರಿನ ಅಂಚಿಗೆ ಬಂದು, ನಮಗೆ ಬೆನ್ನು ಮಾಡಿ ನಿಂತು ಏನೋ ಹೇಳುತ್ತಿದ್ದಳು. ನಡುನಡುವೆ ಮಾತು ನಿಲ್ಲಿಸಿ, ಎದುರಿನವರ ಉತ್ತರ ಕೇಳಿಸಿಕೊಂಡವಳಂತೆ ತಲೆಯಾಡಿಸುತ್ತಿದ್ದಳು.