ಉಪವಾಸದ ಹಿಟ್ಟಿನ ಜಪಾನಿ ಕೋಳಿ

ಮಿರಜದಾಗ ನಾ ಅಡಗಿ ಮಾಡೋ ಮನಿ ಯಜಮಾನತಿ, ತತ್ತಿ ತಿಂದೋರು ಹೊಸ್ತಿಲಾ ದಾಟಬಾರದು ಅನ್ನಾಕಿ. ಶ್ರಾವಣ ಸೋಮವಾರದ ನನ್ನ ಉಪವಾಸಕ್ಕಂತ ಅವರ ಅಡಗಿಮನ್ಯಾಗ ಬಟಾಟಿ ಹಿಟ್ಟು ಇಟ್ಟಿದ್ದೆ. ಮಧ್ಯಾಹ್ನ ನೋಡಿದ್ರ ಡಬ್ಬಿ ಖಾಲಿ! ಆಕಿ ಸೊಸಿ ಹಸಿಶುಂಠಿ, ಸೋಯಾ ಸಾಸ್ ಹಚ್ಚಿದ ಕೋಳಿ ತುಂಡು ಅದರಾಗ ಹೊರಳಿಸಿ, ಎರಡೆರಡು ಸಲ ಕರಿಯಾಕತ್ತಿದ್ಳು.

“ಜಪಾನಿ ಪದ್ಧತಿ, ಮಾವಶಿ. ಬಟಾಟಿ ಹಿಟ್ಟಿಲ್ದ ಕುರುಕುರು ಆಗಂಗಿಲ್ಲರಿ.”

“ನಿನ್ನ ಕುರುಕುರು ಸುಡ್ಲಿ! ನಾ ಈಗ ಏನ್ ತಿನ್ಲಿ? ತಡಿ, ನಿಮ್ಮತ್ತೀಗೆ ಹೇಳ್ತೀನಿ!”

ಸಿಟ್ಟಿಲೆ ಹೋಗಿ ದೇವರ ಖೋಲಿ ಬಾಗಲಾ ತಗದ್ರ, ಅತ್ತಿ ಬಾಯಾಗೂ ಅದ ಕೋಳಿ!

“ಯಾಕ ಒದರ್ತೀಯವ್ವಾ? ಉಪವಾಸದ ಹಿಟ್ಟು ಹಚ್ಚಿದ್ದೈತಿ, ನಡೀತೈತಿ” ಅಂದ್ಳು.

ಆ ದಿನ ನಾ ಬರೇ ನೀರು ಕುಡಿದು ಇದ್ದೆ. ಸಂಜಿಯೊಳಗ ಓಣಿಗೆಲ್ಲಾ ಹೇಳಿ ಬಂದೆ. ಉಪವಾಸ ಇದ್ದಾಗ ಮಾತಾಡಬ್ಯಾಡ ಅಂತ ಯಾವ ಸ್ವಾಮ್ಯಾರೂ ನನಗ ಹೇಳಿಲ್ಲ.