ನಲವತ್ತೊಂದನೆಯ ಮರಿ

ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಹಿಂಬಾಗಿಲು ತೆರೆದು, ಕೈಮುಗಿದು, ಕಣ್ಣು ಮುಚ್ಚಿ ಕಡಲಹಕ್ಕಿಗಳ ಕೂಗು ಕೇಳುತ್ತ ನಿಲ್ಲುವುದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ನಡುಗಡ್ಡೆಯ ಹಕ್ಕಿ ಸಂರಕ್ಷಣಾ ಕಚೇರಿಯಲ್ಲಿ ಹದಿನಾರು ವರ್ಷದಿಂದ ಕಸ ಗುಡಿಸುವವಳು. ಸಾವಿರಾರು ಹಕ್ಕಿಗಳ ಗದ್ದಲದಲ್ಲೂ ಅವಳ ಕಿವಿಗೆ ಒಂದೊಂದು ದನಿಯೂ ಬೇರೆ. ಒಡಕು ಗಂಟಲಿನ ಒಂದಕ್ಕೆ ‘ಗೊಗ್ಗರಿ’ ಎಂದು ಹೆಸರಿಟ್ಟಿದ್ದಳು.

"ಅತ್ತಿಗೇ, ಹಕ್ಕಿಗಳ ಜೊತೆ ಹರಟೆ ಮುಗೀತಾ? ನಾನು ಕೂಗಿದಾಗ ಮಾತ್ರ ನಿನಗೆ ಕಿವುಡು," ಎಂದು ಅಲ್ಲೇ ಅಡುಗೆ ಮಾಡುವ ನಾದಿನಿ ಹಂಗಿಸುವಳು.

"ನೀನು ಕೂಗೋದೆಲ್ಲ ಕೆಲಸ ಹೇಳೋಕೆ ಕಣೇ. ಹೇಗೆ ಕೇಳಿಸುತ್ತೆ?"

ಒಂದು ಬೆಳಿಗ್ಗೆ ಬಿರುಗಾಳಿಗೆ ದಂಡೆಯ ಗೂಡುಗಳೆಲ್ಲ ಕೊಚ್ಚಿಹೋದವು. ಕಚೇರಿಯವರು ನಲವತ್ತೊಂದು ಮರಿಗಳನ್ನು ಆಯ್ದು ಪೆಟ್ಟಿಗೆಗಳಲ್ಲಿಟ್ಟು, ಬೆದರದಿರಲೆಂದು ಮುಚ್ಚಳ ಹಾಕಿದರು. ಕತ್ತಲೆಗೆ ಮರಿಗಳು ತೆಪ್ಪಗಾದವು. ಮೇಲೆ ತಾಯ್ತಂದೆಗಳು ಮೀನು ಕಚ್ಚಿಕೊಂಡು ಸುತ್ತಿದವು, ಸುತ್ತಿದವು, ಯಾವುದೂ ಇಳಿಯಲಿಲ್ಲ.

"ನಮ್ಮ ಕೈ ತಾಕಿದೆಯಲ್ಲ, ತಾಯ್ತಂದೆ ಇನ್ನು ಮರಿಗಳನ್ನ ಮುಟ್ಟಲ್ಲ," ಎಂದರು ಕಚೇರಿಯ ಸಾಹೇಬರು. "ಮೂರು ಗಂಟೆಯ ದೋಣಿಗೆ ಪಟ್ಟಣಕ್ಕೆ ಕಳಿಸೋಣ, ಅಲ್ಲಿ ಸಾಕಲಿ. ಐದಾರು ಬದುಕಿದರೆ ಪುಣ್ಯ."

ಅವಳು ಪೊರಕೆ ಗೋಡೆಗೊರಗಿಸಿ ಬಂದಳು.

"ಸಾಹೇಬ್ರೇ, ನೂರು ಮಕ್ಕಳ ಮಧ್ಯೆ ತನ್ನ ಕೂಸು ಅತ್ತರೆ ಹೆತ್ತವಳಿಗೆ ಗೊತ್ತಾಗಲ್ವಾ? ನೀವು ಅಳೋಕೇ ಬಿಟ್ಟಿಲ್ಲ. ಮುಚ್ಚಳ ತೆಗೀರಿ, ಎಲ್ಲರೂ ದೂರ ಸರೀರಿ."

ಸಾಹೇಬರು ಗಡಿಯಾರ ನೋಡಿದರು. "ದೋಣಿ ಬರೋವರೆಗೆ ಮಾತ್ರ."

ಬೆಳಕು ಕಂಡದ್ದೇ ಒಂದು ಮರಿ ಚೀರಿತು, ಬೆನ್ನಿಗೇ ಎಲ್ಲವೂ. ಒಂದು ಹಕ್ಕಿ ಕಲ್ಲು ಬಿದ್ದಂತೆ ಇಳಿದು, ಹತ್ತು ಮರಿಗಳನ್ನು ದಾಟಿ, ಹನ್ನೊಂದನೆಯದರ ಬಾಯಿಗೆ ಮೀನಿಟ್ಟಿತು. ಆಮೇಲೆ ಇನ್ನೊಂದು. ಆಮೇಲೆ ಆಕಾಶವೇ ಇಳಿದುಬಂತು. ನಾದಿನಿ ಸೌಟು ಹಿಡಿದೇ ಕುಣಿದಳು.

ಕೊನೆಗೆ ಒಂದು ಮರಿ ಉಳಿಯಿತು. ಅತ್ತು ಅತ್ತು ಅದರ ದನಿ ಬತ್ತಿತ್ತು. ದೋಣಿಯ ಸೀಟಿ ಕೇಳಿಸಿತು. ಅವಳು ಕಣ್ಣು ಮುಚ್ಚಿದಳು. ಬೇರೆಲ್ಲ ಹಕ್ಕಿಗಳು ಸುಮ್ಮನಾಗಿದ್ದವು. ಬಂಡೆಗಳಾಚೆ ಒಂದೇ ಒಂದು ಇನ್ನೂ ಕರೆಯುತ್ತಿತ್ತು. ಗೊಗ್ಗರಿ!

ಮರಿಯನ್ನು ಮಡಿಲಲ್ಲಿಟ್ಟುಕೊಂಡು ಓಡಿದಳು. ಆ ಒಡಕು ಕೂಗು ಹತ್ತಿರವಾದದ್ದೇ ಬತ್ತಿದ ಗಂಟಲೂ ಓಗೊಟ್ಟಿತು. ಗೊಗ್ಗರಿ ಅವಳ ಕಾಲ ಬುಡಕ್ಕೇ ಇಳಿಯಿತು.

ದೋಣಿ ಖಾಲಿ ಹೋಯಿತು.

ಮರುದಿನ ಸಾಹೇಬರು ಕರೆಸಿದರು. "ಪೊರಕೆ ಹಿಡಿದದ್ದು ಸಾಕು, ತಾಯಿ. ಪಟ್ಟಣದ ದೊಡ್ಡ ಕಚೇರಿಯಲ್ಲಿ ಕುರ್ಚಿ ಮೇಲೆ ಕೂರೋ ಕೆಲಸ ಕೊಡಿಸ್ತೀನಿ. ಗಾಜಿನ ಕಿಟಕಿ, ಫ್ಯಾನು. ಒಂದು ಚೂರೂ ಗಲಾಟೆ ಇಲ್ಲ."

"ಗಲಾಟೆಯೇ ಇಲ್ವಾ?" ಅವಳು ನಕ್ಕು ಪೊರಕೆ ಎತ್ತಿಕೊಂಡಳು. "ಹಾಗಾದ್ರೆ ಬೇಡ ಸಾಹೇಬ್ರೇ. ಬೆಳಿಗ್ಗೆ ಯಾರ ದನಿ ಕೇಳಿ ಕೈಮುಗೀಲಿ?"