ಗೋಡೆಯಾಚೆ ರೊಟ್ಟಿ ಬಡಿದವಳು

ನಾನು ಸಿಂಧನೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ದೆವ್ವ ಕಂಡಿತು, ಯಾರೋ ಹೆಸರು ಹಿಡಿದು ಕರೆದರು ಎಂದು ಮಕ್ಕಳು ಹೇಳಿದರೆ, ಗಾಳಿ, ನೆರಳು, ನಿದ್ದೆಗಣ್ಣು ಎಂದು ಏನಾದರೊಂದು ಕಾರಣ ಹುಡುಕಿಕೊಟ್ಟು ಸಮಾಧಾನ ಮಾಡುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಮಸ್ಕಿ ಹತ್ತಿರದ ಒಂದು ರೆಸಾರ್ಟಿನಲ್ಲಿ, ಹಾಡಹಗಲೇ ನನಗಾದದ್ದಕ್ಕೆ ಅಂಥ ಕಾರಣ ಒಂದೂ ಹೊಂದುತ್ತಿಲ್ಲ. ನೀವು ನಂಬಲೇಬೇಕೆಂದು ಹೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ತಂಗಿ ಸುವರ್ಣಾ ಲಿಂಗಸುಗೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಗಂಡ ತೀರಿಕೊಂಡ ಮೇಲೆ ಅವಳ ನಿದ್ದೆ ಹೋಯಿತು. ಅದರ ಹಿಂದೆಯೇ ಊಟವೂ ಹೋಯಿತು. ತಾಟಿನ ಮುಂದೆ ಕೂತರೆ ರೊಟ್ಟಿ ಮುರಿದು ಮುರಿದು ಪುಡಿ ಮಾಡುವಳೇ ಹೊರತು ಬಾಯಿಗೆ ಹಾಕುತ್ತಿರಲಿಲ್ಲ. ಕಚೇರಿಯಲ್ಲಿ ತಲೆ ತಿರುಗಿ ಬಿದ್ದದ್ದೂ ಆಯಿತು. ಡಾಕ್ಟರರು ಗುಳಿಗೆ ಕೊಟ್ಟರು. ಗುಳಿಗೆ ನುಂಗಿ ಮಲಗಿ ಎದ್ದಾಗ ಅವಳು ಮೊದಲಿಗಿಂತ ಹೆಚ್ಚು ದಣಿದಂತೆ ಕಾಣುತ್ತಿದ್ದಳು. ಇವಳೂ ನನ್ನ ಕೈತಪ್ಪಿ ಹೋಗಿಬಿಟ್ಟಾಳು ಎಂಬ ಹೆದರಿಕೆ ನನಗೆ ಒಳಗೊಳಗೇ ಹತ್ತಿತ್ತು.

ಆಗ ರೆಸಾರ್ಟಿನ ಮಾತು ತೆಗೆದವಳು ಗೆಳತಿ ವಿಜಯಾ. ಸಿಂಧನೂರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದಾಳೆ. “ಮಣ್ಣಿನ ಮನಿ, ಸೂರ್ಯನ ಕರೆಂಟು, ಎಣ್ಣಿ ತಿಕ್ಕೋರು, ಧ್ಯಾನ ಹೇಳಿಕೊಡೋರು, ಎಲ್ಲಾ ಅದಾರ. ಇದು ಶೋಕಿ ಅಲ್ಲಬೇ, ಈಗಿನ ಕಾಲಕ್ಕ ಇದು ಜರೂರತ್ತು. ಅನ್ನ ನೀರು ಇದ್ದಂಗ” ಎಂದಳು.

ಅನ್ನ ನೀರು ಇದ್ದಂಗ ಎಂಬ ಮಾತು ನನ್ನನ್ನು ಚುಚ್ಚಿತು. ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಹೆಣ್ಣುಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಜರೂರತ್ತು ಎಂದರೇನು ಎಂಬುದನ್ನು ಅವರು ಹೇಳಬೇಕು. ನೆಮ್ಮದಿಗೆ ಈಜುಕೊಳ ಬೇಕು, ಅದೂ ಭೂಮಿತಾಯಿಗೆ ನೋವಾಗದ ಈಜುಕೊಳ ಬೇಕು ಎಂದು ಹೇಳಿ ಮಾರುವವರ ಮೇಲೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ. ಆದರೂ ಹೊರಟೆ. ತಂಗಿಗಾಗಿ ಏನನ್ನೂ ಬಿಡುವ ಹಾಗಿರಲಿಲ್ಲ.

ನಾನು ಸಿಂಧನೂರಿನಿಂದ, ಅವಳು ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬಂದು ಮಸ್ಕಿಯಲ್ಲಿ ಕೂಡಿದೆವು. ರೆಸಾರ್ಟಿನ ಕಾರು ನಮ್ಮನ್ನು ಗುಡ್ಡದ ಬುಡಕ್ಕೆ ಒಯ್ದಿತು. ಸುತ್ತಲೂ ಒಣಗಿದ ಹೊಲ, ಕಾದ ಬಂಡೆಗಳು. ಗೇಟಿನೊಳಗೆ ಮಾತ್ರ ಹಸಿರು ಹುಲ್ಲು. ಮ್ಯಾನೇಜರ್ ಬೇರೆ ಕಡೆಯವರು. ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು.

“ನಾವು ಏನನ್ನೂ ವ್ಯರ್ಥ ಮಾಡಿಲ್ಲ ಮೇಡಂ. ಇಲ್ಲಿ ಹಳೆಯ ಮನೆಗಳಿದ್ದವು. ಅವನ್ನು ಕೆಡವಿ ಅದೇ ಮಣ್ಣು, ಅದೇ ಕಂಬ, ಅದೇ ಬಾಗಿಲು ಬಳಸಿ ಈ ಕಾಟೇಜುಗಳನ್ನು ಕಟ್ಟಿದ್ದೇವೆ.”

“ಮನ್ಯಾಗಿದ್ದೋರು ಎಲ್ಲಿ ಹೋದ್ರು?” ಎಂದು ಸುವರ್ಣಾ ಕೇಳಿದಳು. ಅವತ್ತು ಅವಳಾಡಿದ ಮೊದಲ ಮಾತು ಅದು.

“ಅವರಿಗೆ ಬೇರೆ ಕಡೆ ವ್ಯವಸ್ಥೆ ಆಗಿದೆ” ಎಂದು ಅವರು ನಕ್ಕರು. ಆ ನಗು ನೋಡಿ ವಾಪಸು ಹೋಗಿಬಿಡೋಣ ಎನ್ನಿಸಿತು.

ಊಟಕ್ಕೆ ಕೂತಾಗ ಅಂಗೈಯಷ್ಟು ಬಟ್ಟಲಲ್ಲಿ ಬೇಯಿಸಿದ ನವಣೆ, ಮೇಲೊಂದು ಹೂವಿನ ಎಸಳು ಬಂತು. ರೊಟ್ಟಿ ಇದೆಯೇ ಎಂದು ಕೇಳಿದೆ. ಇಲ್ಲಿ ಕಟ್ಟಿಗೆಯ ಒಲೆ ಹೊತ್ತಿಸುವುದಿಲ್ಲ, ಹೊಗೆ ಅತಿಥಿಗಳಿಗೆ ಒಗ್ಗುವುದಿಲ್ಲ ಎಂದರು. ಸುವರ್ಣಾ ಚಮಚವನ್ನೂ ಮುಟ್ಟದೆ ಎದ್ದಳು. ಕಾಟೇಜಿಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಉಸಿರು ನಿಧಾನವಾಯಿತು. ಗುಳಿಗೆಯಿಲ್ಲದೆ ನಿದ್ದೆ ಬಂದಿತ್ತು. ಸದ್ದು ಮಾಡಬಾರದೆಂದು ನಾನು ಕುರ್ಚಿಯಲ್ಲಿ ಅಲುಗದೆ ಕೂತೆ.

ಆಗ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ನಮ್ಮ ಕಡೆಯವರಿಗೆ ಆ ಸದ್ದಿನಲ್ಲಿ ಅನುಮಾನ ಬರುವುದಿಲ್ಲ. ಕೊಣಮಿಗೆಯೆಂಬ ಮರದ ಹರಿವಾಣದಲ್ಲಿ ಹಿಟ್ಟಿನ ಮೇಲೆ ಅಂಗೈ ಬೀಳುವುದು, ರೊಟ್ಟಿ ತಿರುಗುವಾಗಿನ ಬಳೆಯ ಸದ್ದು, ಆಮೇಲೆ ಹಂಚಿಗೆ ಹಾಕುವ ಹೊತ್ತಿನ ಮೌನ. ಹಿಂದೆಯೇ ಸಗಣಿ ಕುಳ್ಳಿನ ಹೊಗೆಯ ವಾಸನೆಯೂ ಬಂತು. ಕೆಲಸದವರು ಹಿತ್ತಲಲ್ಲಿ ಅಡಿಗೆ ಮಾಡಿಕೊಳ್ಳುತ್ತಿದ್ದಾರೆ, ಕೇಳಿದರೆ ತಂಗಿಗೊಂದು ರೊಟ್ಟಿ ಸಿಕ್ಕೀತು ಎಂದುಕೊಂಡು ಹೊರಗೆ ಹೋದೆ. ಕಾಟೇಜಿನ ಹಿಂದೆ ಹಿತ್ತಲೇ ಇರಲಿಲ್ಲ. ಗೋಡೆಗೆ ತಾಗಿಕೊಂಡೇ ಗುಡ್ಡದ ಬಂಡೆ ಎದ್ದಿತ್ತು. ನಡುವೆ ಕೈ ತೂರಿಸುವಷ್ಟೂ ಸಂದಿಯಿರಲಿಲ್ಲ. ಅಲ್ಲಿ ಸದ್ದೂ ಇಲ್ಲ, ಹೊಗೆಯೂ ಇಲ್ಲ.

ಒಳಗೆ ಬಂದು ಮತ್ತೆ ಕೂತೆ. ಸದ್ದು ನಿಂತಿತ್ತು. ನನ್ನ ಕಿವಿಯ ಪಕ್ಕದಲ್ಲೇ, ಜಗಳಕ್ಕೆ ನಿಂತ ಹೆಂಗಸಿನ ದನಿ ಹೇಳಿತು: “ಏಳಬೇ. ಯಾರನ್ನ ಕೇಳಿ ಒಳಗ ಬಂದಿ?”

ದನಿ ಜೋರಾಗಿರಲಿಲ್ಲ. ಆದರೆ ಅದರಲ್ಲಿ ಇದ್ದಷ್ಟು ತಿರಸ್ಕಾರವನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ. ನನಗೆ ಗೊತ್ತಾಗುವ ಮೊದಲೇ ಎದ್ದು ನಿಂತಿದ್ದೆ. ಕೋಣೆಯಲ್ಲಿ ನಾವಿಬ್ಬರೇ. ಓಡಿಹೋಗಬೇಕೆನಿಸಿದರೂ ತಂಗಿಯನ್ನು ಬಿಟ್ಟು ಹೇಗೆ ಹೋಗಲಿ? ಅವಳ ಭುಜ ಹಿಡಿದು ಅಲುಗಿಸಿದೆ.

ಸುವರ್ಣಾ ಕಣ್ಣು ಬಿಟ್ಟಳು. ಗಂಡ ಹೋದ ಮೇಲೆ ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿರಲಿಲ್ಲ.

“ಯಾಕಕ್ಕಾ, ಇನ್ನೊಂದೀಟು ಮಲಗಾಕ ಬಿಡಬಾರದಾಗಿತ್ತಾ? ಹೊಟ್ಟಿ ತುಂಬಿ ಜೋರು ನಿದ್ದಿ ಬಂದಿತ್ತು.”

“ಏನ್ ಉಂಡೀದಿ ಹೊಟ್ಟಿ ತುಂಬಾಕ?”

“ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಆಕಿ ಬಡದು ಬಡದು ಹಾಕಿದ್ಳು. ಸಾಕು ಅಂದ್ರೂ ಬಿಡಲಿಲ್ಲ.”

ಕನಸು ಎಂದು ನಾನು ಹೇಳುವವಳಿದ್ದೆ. ಅಷ್ಟರಲ್ಲಿ ಅವಳ ಬಲಗೈ ಕಂಡಿತು. ಬೆರಳಿಗೆ ಶೇಂಗಾ ಚಟ್ನಿಯ ಕೆಂಪು ಹಿಂಡಿ ಮೆತ್ತಿಕೊಂಡಿತ್ತು. ಬೆಳ್ಳುಳ್ಳಿಯ ವಾಸನೆ ನನ್ನ ಮೂಗಿಗೇ ಬಡಿಯಿತು.

“ನನಗ ಬೈದಾಳ ಆಕಿ” ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು.

ತಂಗಿ ನನ್ನನ್ನೇ ನೋಡಿದಳು. “ನಿನಗ್ಯಾಕ ಬೈದ್ಳು? ನನಗ ಏನೂ ಅನಲಿಲ್ಲಲ್ಲ” ಎಂದು ಹೇಳಿ ಕೈ ತೊಳೆಯಲು ಹೋದಳು.

ಅಲ್ಲಿ ಉಳಿಯುವ ಧೈರ್ಯ ನನಗಾಗಲಿಲ್ಲ. ಬಿಸಿಲು ಇಳಿಯುವ ಮೊದಲೇ ಹೊರಟೆವು. ತಂಗಿ ಗಾಢವಾಗಿ ಮಲಗಿದ್ದಳೆಂದು ತಿಳಿದ ಮ್ಯಾನೇಜರ್, “ನಮ್ಮ ಮಣ್ಣಿನ ಗೋಡೆಯ ಗುಣ ಮೇಡಂ. ಮೊಬೈಲ್ ವಿಡಿಯೊಗೆ ನಾಲ್ಕು ಮಾತು ಹೇಳ್ತೀರಾ? ಬೇರೆಯವರಿಗೂ ಗೊತ್ತಾಗಲಿ” ಎಂದರು. ನಾನು ಕಾರಿನ ಬಾಗಿಲು ಎಳೆದುಕೊಂಡೆ.

ಅಂದಿನಿಂದ ಸುವರ್ಣಾ ಉಣ್ಣುತ್ತಾಳೆ, ಮಲಗುತ್ತಾಳೆ. ನಾ ಹೇಳಿದ್ದಿಲ್ಲೇನು ಎಂದು ವಿಜಯಾ ಬೀಗುತ್ತಾಳೆ. ತಂಗಿಯಂತೂ ಸುಮ್ಮನೆ ಕೂಡಲಿಲ್ಲ. ಆ ಕೆಡವಿದ ಮನೆಗಳವರು ಈಗ ಡಾಂಬರು ರಸ್ತೆಯ ಆಚೆ ತಗಡಿನ ಮನೆಗಳಲ್ಲಿದ್ದಾರೆಂದು ವಿಚಾರಿಸಿಕೊಂಡು ಒಂದು ರವಿವಾರ ಹೋಗಿ ಬಂದಳು. ತಾನು ಕಂಡ ಹೆಂಗಸಿನ ಮುಖ, ಹಣೆಯ ಹಚ್ಚೆ, ಕೈತುಂಬ ಹಸಿರು ಬಳೆ, ಎಲ್ಲ ಹೇಳಿ ಕೇಳಿದಳಂತೆ. ಅಲ್ಲಿಯ ಮುದುಕಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡು, “ಸತ್ತೋರೊಳಗೂ ಅಂಥಾಕಿ ಇಲ್ಲಬೇ, ಇದ್ದೋರೊಳಗೂ ಇಲ್ಲ” ಎಂದರಂತೆ. ಅಲ್ಲಿಗೆ ಆಕೆ ಯಾರೆಂದು ತಿಳಿಯಲು ನಮಗಿದ್ದ ಒಂದೇ ದಾರಿಯೂ ಮುಚ್ಚಿತು.

ತಂಗಿಯನ್ನು ನೋಡಲು ನಾನು ಲಿಂಗಸುಗೂರಿನ ಬಸ್ಸು ಹತ್ತುತ್ತಲೇ ಇರುತ್ತೇನೆ. ಮಸ್ಕಿ ಹತ್ತಿರ ಆ ಗುಡ್ಡ ಕಾಣುತ್ತಿದ್ದಂತೆ ಸೀಟು ಬಿಟ್ಟು ಎದ್ದು ನಿಂತಿರುತ್ತೇನೆ. ಯಾವಾಗ ಎದ್ದೆ ಎಂಬುದು ನನಗೇ ತಿಳಿಯುವುದಿಲ್ಲ. “ಇಲ್ಲೇ ಇಳಿತೀರೇನ್ರಿ ಮೇಡಂ?” ಎಂದು ಕಂಡಕ್ಟರ್ ಕೇಳುತ್ತಾನೆ. ಇಲ್ಲ ಎನ್ನುತ್ತೇನೆ. ಆದರೂ ಗುಡ್ಡ ಹಿಂದೆ ಸರಿಯುವವರೆಗೆ ಕೂಡಲು ನನ್ನಿಂದ ಆಗುವುದಿಲ್ಲ.